ಫೋರ್ಡಾ, ಷೆವಿಯಾ? ಜಗಳ ಇರಲಿ ಬಿಡಿ

ನಮ್ಮ ಕನ್ನಡ ಶಾಲೆಯ ಎರಡನೇ ಹಂತದ ಮಕ್ಕಳಿಗೆ ‘ಶ’ ಮತ್ತು ‘ಷ’ದ ವ್ಯತ್ಯಾಸ ಕಲಿಸಲು ಎರಡು ವರ್ಷ ಒದ್ದಾಡಿದ್ದೇನೆ. ಶಂಖ, ಷಟ್ಕೋನ ಎಂದು ಎಷ್ಟು ಸಲ ಬರೆಸಿದರೂ ಮುಂದಿನ ಭಾನುವಾರದ ಹೊತ್ತಿಗೆ ಎಲ್ಲಾ ಕಲಸುಮೇಲೋಗರ. ಕಳೆದ ಸೆಪ್ಟೆಂಬರಿನಲ್ಲಿ ಒಂದು ದಿನ ಬಿಡುವು ಮುಗಿಸಿ ತರಗತಿಗೆ ಬಂದು ನೋಡಿದರೆ ಬೋರ್ಡಿನ ಎಡಗಡೆ ದೊಡ್ಡದಾಗಿ ‘ಫೋರ್ಡ್’, ಬಲಗಡೆ ಅದಕ್ಕಿಂತ ದೊಡ್ಡದಾಗಿ ‘ಷೆವಿ’. ಅರ್ಕಾವತ್ತು ತನ್ನ ಜಾಗದಲ್ಲಿದೆ. ಹೊಟ್ಟೆ ಸೀಳಿದ ಷ, ತಲೆಯ ಮೇಲೆ ಎತ್ವ, ಒಂದೂ ತಪ್ಪಿಲ್ಲ. ಕೆಳಗೆ ಗೀಟು ಹಾಕಿ ಓಟಿನ ಲೆಕ್ಕ ಬೇರೆ: ಏಳು, ಆರು. ಒಬ್ಬಳು ಹುಡುಗಿ ಮಾತ್ರ ಮೂಲೆಯಲ್ಲಿ ‘ನಮ್ಮದು ಟೊಯೋಟಾ’ ಎಂದು ಬರೆದು ತನ್ನ ಪಾಡಿಗೆ ಚಪಾತಿ ರೋಲ್ ತಿನ್ನುತ್ತಿದ್ದಳು.

ಡೆಟ್ರಾಯಿಟ್ ಸುತ್ತಮುತ್ತಲಿನ ಊರುಗಳಲ್ಲಿ ಬೆಳೆಯುವ ಮಕ್ಕಳಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಶಾಲೆಯ ಬಸ್ಸಿನಲ್ಲಿ, ಸಾಕರ್ ಮೈದಾನದಲ್ಲಿ, ಪಕ್ಕದ ಮನೆಯ ಗ್ಯಾರೇಜಿನ ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ, ನಿಮ್ಮದು ಫೋರ್ಡಾ, ಷೆವಿಯಾ ಅಂತ. ‘ಎರಡೂ ಅಲ್ಲ’ ಎನ್ನುವ ಉತ್ತರಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ.

ಈಗ ಇದನ್ನು ಬರೆಯಲು ಕಾರಣವಿದೆ. ಕಳೆದ ತಿಂಗಳು ನಮ್ಮ ಪಾರ್ಕಿಂಗ್ ಲಾಟಿನಲ್ಲಿ ಒಬ್ಬ ಹುಡುಗ ಅಳುತ್ತಾ ಕಾರು ಹತ್ತಿದ. ಅದಾದ ಮೇಲೆ ಪೋಷಕರ ಸಭೆಗೆ ಒಂದು ಸಲಹೆ ಬಂತು: ಶಾಲೆಯ ಆವರಣದಲ್ಲಿ ಮಕ್ಕಳು ಕಾರು ಕಂಪನಿಗಳ ಮಾತನ್ನೇ ಆಡಬಾರದು ಎಂದು ನಿಯಮ ಮಾಡೋಣ. ಹೆಚ್ಚಿನವರು ತಲೆಯಾಡಿಸಿದರು. ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕು. ನಾನು ಅಂದು ಬಾಯಿ ಬಿಡಲಿಲ್ಲ. ಬಿಡದಿರಲು ಒಂದು ಕಾರಣವಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಸಭೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ: ಆ ನಿಯಮ ಬೇಡ.

ಮೊದಲು ಮಕ್ಕಳಿಗೆ ಒಂದು ಪ್ರಶ್ನೆ. ನೀವು ದಿನಾ ಕೂಗಾಡುವ ಈ ಎರಡು ಹೆಸರುಗಳ ಹಿಂದಿನ ಮನುಷ್ಯರು ಯಾರು ಗೊತ್ತೇ? ಹೆನ್ರಿ ಫೋರ್ಡ್ ನಿಮಗೆ ಗೊತ್ತು, ಡಿಯರ್‌ಬಾರ್ನ್‌ನ ಮ್ಯೂಸಿಯಂಗೆ ಹೋಗದ ಮಗು ನಮ್ಮ ಶಾಲೆಯಲ್ಲಿಲ್ಲ. 1908ರಲ್ಲಿ ಅವರ ಮಾಡೆಲ್ ಟಿ ಬಂತು. 1913ರಲ್ಲಿ ಹೈಲ್ಯಾಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಕಾರೇ ಕೆಲಸಗಾರನ ಮುಂದೆ ಸಾಗಿ ಬರುವ ಅಸೆಂಬ್ಲಿ ಲೈನ್ ಶುರುವಾಯಿತು. 1927ರಲ್ಲಿ ನಿಲ್ಲಿಸುವಷ್ಟರಲ್ಲಿ ಒಂದೂವರೆ ಕೋಟಿ ಮಾಡೆಲ್ ಟಿ ರಸ್ತೆಗೆ ಇಳಿದಿದ್ದವು. ನಡುವೆ ಎಷ್ಟೋ ವರ್ಷ ಅದು ಸಿಗುತ್ತಿದ್ದುದು ಕಪ್ಪು ಬಣ್ಣದಲ್ಲಿ ಮಾತ್ರ.

ಲೂಯಿ ಷೆವ್ರೊಲೆ ಬಗ್ಗೆ ನಿಮಗೆ ಅಷ್ಟು ಗೊತ್ತಿರಲಾರದು. ಆತ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿದವನು. ಅಂದರೆ, ನಿಮ್ಮ ಅಪ್ಪ ಅಮ್ಮನ ಹಾಗೆ ಬೇರೆ ದೇಶದಿಂದ ಇಲ್ಲಿಗೆ ಬಂದವನು. ರೇಸ್ ಕಾರು ಓಡಿಸುತ್ತಿದ್ದ. 1911ರಲ್ಲಿ ವಿಲಿಯಂ ಡ್ಯೂರಂಟ್ ಎಂಬ ಮಹಾ ವ್ಯಾಪಾರಸ್ಥನ ಜೊತೆ ಸೇರಿ ಕಂಪನಿ ಆಯಿತು. ಫ್ಲಿಂಟ್ ಊರಿನಲ್ಲಿ ಕುದುರೆ ಗಾಡಿ ಮಾಡಿಸಿ ಮಾರುತ್ತಿದ್ದ ಈ ಡ್ಯೂರಂಟ್ ಜನರಲ್ ಮೋಟಾರ್ಸ್ ಕಟ್ಟಿ, ಅದನ್ನು ಕಳೆದುಕೊಂಡಿದ್ದ. ಈ ಹೊಸ ಕಂಪನಿಯ ಬಲದಿಂದಲೇ ಅದನ್ನು ಮತ್ತೆ ಕೈಗೆ ತೆಗೆದುಕೊಂಡ. ಲೂಯಿಗೆ ಒಳ್ಳೆಯ, ದುಬಾರಿ ಕಾರು ಮಾಡುವ ಆಸೆ. ಡ್ಯೂರಂಟ್‌ಗೆ ಫೋರ್ಡ್‌ಗೆ ಎದುರು ನಿಲ್ಲುವ ಅಗ್ಗದ ಕಾರು ಬೇಕು. ಕೆಲವೇ ವರ್ಷಗಳಲ್ಲಿ ಲೂಯಿ ತನ್ನ ಪಾಲು ಮಾರಿ ಹೊರಟುಹೋದ. ಹೆಸರು ಮಾತ್ರ ಕಾರಿನ ಮೇಲೆ ಉಳಿಯಿತು.

ಹೊರಟುಹೋಗಿ ಏನು ಮಾಡಿದ ಗೊತ್ತೇ? ಇಂಡಿಯಾನಾಪೊಲಿಸ್‌ನಲ್ಲಿ ತಮ್ಮಂದಿರ ಜೊತೆ ರೇಸ್ ಕಾರು ಕಟ್ಟಿದ. ಆಮೇಲೆ ಫೋರ್ಡ್ ಮಾಡೆಲ್ ಟಿ ಎಂಜಿನ್‌ಗೆ ಕೂರಿಸುವ ವಿಶೇಷ ಸಿಲಿಂಡರ್ ಹೆಡ್ ತಯಾರಿಸಿ ಮಾರಿದ. ಎಂಜಿನ್‌ನ ತಲೆ ಎನ್ನಬಹುದಾದ ಆ ಭಾಗ ಹಾಕಿಸಿಕೊಂಡ ಸಾಧಾರಣ ಫೋರ್ಡ್ ಕಾರುಗಳು ರೇಸುಗಳಲ್ಲಿ ಓಡಿದವು. ಅವಕ್ಕೆ ‘ಫ್ರಂಟಿ ಫೋರ್ಡ್’ ಎಂದು ಹೆಸರು. ಫೋರ್ಡ್‌ಗೆ ವೇಗ ಕೊಟ್ಟವರಲ್ಲಿ ಷೆವ್ರೊಲೆಯೂ ಒಬ್ಬ! ಇದನ್ನು ತರಗತಿಯಲ್ಲಿ ಹೇಳಿದಾಗ ಎರಡೂ ಪಕ್ಷದವರು ‘ಇಲ್ಲ ಮಿಸ್, ಸುಳ್ಳು’ ಎಂದು ಮೊದಲ ಬಾರಿಗೆ ಒಂದೇ ದನಿಯಲ್ಲಿ ಕೂಗಿದರು.

1927ರಲ್ಲಿ ಫೋರ್ಡ್ ಹೊಸ ಮಾಡೆಲ್‌ಗಾಗಿ ತಿಂಗಳುಗಟ್ಟಲೆ ಕಾರ್ಖಾನೆ ನಿಲ್ಲಿಸಿದಾಗ ಷೆವ್ರೊಲೆ ಮಾರಾಟದಲ್ಲಿ ಮುಂದೆ ಹೋಯಿತು. ಅಲ್ಲಿಂದ ಶುರುವಾದ ಹಗ್ಗಜಗ್ಗಾಟ ಇನ್ನೂ ನಿಂತಿಲ್ಲ. 1964ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಫೋರ್ಡ್ ಮಸ್ಟಾಂಗ್ ತೋರಿಸಿತು. ಮಸ್ಟಾಂಗ್ ಎಂದರೆ ಕಾಡುಕುದುರೆ. ಎರಡು ವರ್ಷದ ಮೇಲೆ ಷೆವ್ರೊಲೆ ಕಮಾರೊ ತಂದಿತು. ಕಮಾರೊ ಅಂದರೆ ಏನು ಎಂದು ಪತ್ರಕರ್ತರು ಕೇಳಿದ್ದಕ್ಕೆ ಕಂಪನಿಯವರು ಕೊಟ್ಟ ಉತ್ತರ ಪ್ರಸಿದ್ಧ: ಮಸ್ಟಾಂಗ್‌ಗಳನ್ನು ತಿನ್ನುವ ಒಂದು ಪುಟ್ಟ, ಸಿಡುಕು ಪ್ರಾಣಿ. ಕಂಪನಿಯೇ ಹೀಗೆ ಕೀಟಲೆ ಮಾಡಿದ ಮೇಲೆ ಒಂಬತ್ತು ವರ್ಷದ ಹುಡುಗರು ಸುಮ್ಮನಿರುತ್ತಾರೆಯೇ?

ಪಿಕಪ್ ಟ್ರಕ್ಕಿನ ಲೆಕ್ಕವಂತೂ ಕೇಳುವುದೇ ಬೇಡ. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕು 1977ರಿಂದಲೂ ಫೋರ್ಡ್ ಎಫ್ ಸರಣಿಯದು ಎಂದು ಒಂದು ಪಕ್ಷ ಎದೆ ತಟ್ಟುತ್ತದೆ. ‘ಸಿಲ್ವರಾಡೊ ಜೊತೆ ಅದರ ತಮ್ಮ ಜಿಎಂಸಿ ಸಿಯೆರಾವನ್ನೂ ಸೇರಿಸಿ ಎಣಿಸಿ ನೋಡೋಣ’ ಎಂದು ಇನ್ನೊಂದು ಪಕ್ಷ. ಇದಕ್ಕೆ ಆ ಪಕ್ಷದ ಉತ್ತರ, ಉತ್ತರಕ್ಕೆ ಮರು ಉತ್ತರ. ನನ್ನ ತರಗತಿಯ ಮಕ್ಕಳು ಸಾವಿರ, ಲಕ್ಷ, ಕೋಟಿ ಎಂದು ಕನ್ನಡದಲ್ಲಿ ಎಣಿಸಲು ಕಲಿತದ್ದು ಈ ವಾದದಿಂದ, ನನ್ನ ಪಾಠದಿಂದಲ್ಲ.

ದೊಡ್ಡವರು ಈ ಜಗಳವನ್ನು ಹೇಗೆ ಆಡುತ್ತಾರೆ ಎನ್ನುವುದನ್ನು ನಾನು ನೋಡಿ ಕಲಿತದ್ದು ನಮ್ಮ ಬೀದಿಯ ಇಬ್ಬರು ಅಜ್ಜಂದಿರಿಂದ. ಇಬ್ಬರೂ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಒಬ್ಬರು ಫೋರ್ಡ್, ಒಬ್ಬರು ಜಿಎಂ. ಎದುರುಬದುರು ಮನೆ. ನಾವು ಈ ಬೀದಿಗೆ ಬಂದ ಹೊಸದರಲ್ಲಿ ಇವರಿಬ್ಬರಿಗೆ ಏನೋ ಹಳೆಯ ದ್ವೇಷ ಇರಬೇಕು ಅಂದುಕೊಂಡಿದ್ದೆ. ಫೋರ್ಡ್ ಅಂದರೆ ‘ಫೌಂಡ್ ಆನ್ ರೋಡ್ ಡೆಡ್’, ರಸ್ತೆಯಲ್ಲಿ ಸತ್ತು ಬಿದ್ದಿದ್ದು, ಎಂದು ಆ ಕಡೆಯಿಂದ ಕೂಗು. ಅಲ್ಲ, ‘ಫಸ್ಟ್ ಆನ್ ರೇಸ್ ಡೇ’ ಎಂದು ಈ ಕಡೆಯಿಂದ. ಷೆವ್ರೊಲೆಯ ಒಂಬತ್ತು ಅಕ್ಷರಕ್ಕೂ ಇವರ ಹತ್ತಿರ ಒಂದು ಬಯ್ಗುಳವಿದೆ, ಎಂಜಿನ್ ಗಡಗಡ ಎನ್ನುತ್ತದೆ ಎಂಬರ್ಥದ್ದು.

ಒಂದು ಜನವರಿ ಬೆಳಿಗ್ಗೆ, ಮೂಗು ಹೊರಗಿಟ್ಟರೆ ಬಿದ್ದುಹೋಗುವಂಥ ಚಳಿಯಲ್ಲಿ, ಫೋರ್ಡ್ ಅಜ್ಜನ ಟ್ರಕ್ಕು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿತ್ತು. ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಎದುರುಮನೆಯ ಸಿಲ್ವರಾಡೊ ಆಗಲೇ ರಸ್ತೆ ದಾಟಿ ಬಂದು, ಮೂತಿಗೆ ಮೂತಿ ತಾಗುವಂತೆ ನಿಂತು, ಜಂಪರ್ ಕೇಬಲ್ ಹಾಕಿಸಿಕೊಳ್ಳುತ್ತಿತ್ತು. ಹದಿನೈದು ನಿಮಿಷ ಆ ಷೆವಿ ಅಜ್ಜ ಒಂದೇ ಒಂದು ಜೋಕು ಹೇಳಲಿಲ್ಲ. ಅಜ್ಜಿ ಆಸ್ಪತ್ರೆಯಿಂದ ಮನೆಗೆ ಬಂದು, ಚೇತರಿಸಿಕೊಂಡು, ಬಾಗಿಲಲ್ಲಿ ನಿಂತು ಕೈಬೀಸಿದ ಮೇಲೆ ಶುರುಮಾಡಿದರು ನೋಡಿ! ಆ ಬ್ಯಾಟರಿಯ ಕಥೆ ಮುಂದಿನ ಚಳಿಗಾಲದವರೆಗೂ ಬೀದಿಯಲ್ಲಿ ಓಡಿತು.

2023ರ ಡಿಸೆಂಬರಿನಲ್ಲಿ ಲ್ಯಾನ್ಸಿಂಗ್‌ನ ಕಾರ್ಖಾನೆಯಿಂದ ಕೊನೆಯ ಕಮಾರೊ ಹೊರಬಂದು ಆ ಹೆಸರಿನ ಕಾರು ನಿಂತುಹೋಯಿತು. ಫೋರ್ಡ್ ಅಜ್ಜ ಪಟಾಕಿ ಹೊಡೆಯುತ್ತಾರೇನೋ ಅಂದುಕೊಂಡರೆ ಮುಖ ಇಳಿಬಿಟ್ಟುಕೊಂಡು, ಇನ್ನು ಮಸ್ಟಾಂಗ್ ಯಾರ ಜೊತೆ ಓಡಬೇಕು ಎಂದರು.

ಈಗ ನಮ್ಮವರ ವಿಷಯ. ಈ ದೇಶಕ್ಕೆ ಬಂದ ಹೊಸದರಲ್ಲಿ ನಾವೆಲ್ಲ ಕೊಂಡದ್ದು ಹಳೆಯ ಕ್ಯಾಮ್ರಿ ಅಥವಾ ಅಕಾರ್ಡ್. ಯಾರನ್ನು ಕೇಳಿದರೂ ‘ಕೈ ಕೊಡಲ್ಲ, ಮಾರಿದರೆ ದುಡ್ಡು ಬರುತ್ತೆ’ ಎಂಬ ಒಂದೇ ಸಲಹೆ. ಆಮೇಲೆ ಮನೆಯಲ್ಲಿ ಯಾರಿಗಾದರೂ ಕಾರು ಕಂಪನಿಯಲ್ಲಿ ಕೆಲಸ ಸಿಕ್ಕಿ, ನೌಕರರ ರಿಯಾಯಿತಿ ಬಂದು, ಆ ಕಡೆ ವಾಲಿದೆವು. ಸ್ನೇಹಿತರ ಫೋರ್ಡ್ ಎಕ್ಸ್-ಪ್ಲಾನ್ ಪಿನ್ ಕೇಳಿ ಪಡೆದವರೂ ಇದ್ದೇವೆ. ಡಿಯರ್‌ಬಾರ್ನ್‌ನ ಫೋರ್ಡ್ ಟ್ರಕ್ ಕಾರ್ಖಾನೆಯಲ್ಲಿ 2006ರಲ್ಲಿ, ಬೇರೆ ಕಂಪನಿಯ ಗಾಡಿಯಲ್ಲಿ ಬರುವ ನೌಕರರು ದೂರದ ಲಾಟಿನಲ್ಲಿ ನಿಲ್ಲಿಸಿ ನಡೆದು ಬರಬೇಕು ಎಂದು ನಿಯಮ ಮಾಡಿದ್ದರು. ಚಳಿಯಲ್ಲಿ ನಡೆಯುವ ಕಷ್ಟಕ್ಕೂ ಪಕ್ಷ ಬದಲಾಯಿಸಿದವರಿರಬಹುದು. ಒಟ್ಟಿನಲ್ಲಿ ನಮ್ಮದು ಲೆಕ್ಕಾಚಾರದ ನಿಷ್ಠೆ.

ಮಕ್ಕಳದ್ದು ಹಾಗಲ್ಲ. ಅವರಿಗೆ ಇದು ಹುಟ್ಟೂರಿನ ಜಗಳ. ನನ್ನ ಮಗ ಬೆಂಗಳೂರಿಗೆ ಹೋದಾಗ ಜಯನಗರದ ರಸ್ತೆಯಲ್ಲಿ ಒಂದು ಇಕೋಸ್ಪೋರ್ಟ್ ಕಂಡು ‘ಅಮ್ಮಾ, ಫೋರ್ಡ್!’ ಎಂದು ಊರಿನವರು ಸಿಕ್ಕಿದ ಹಾಗೆ ಕುಣಿದಿದ್ದ. ಷೆವ್ರೊಲೆ 2017ರ ಕೊನೆಗೇ ಭಾರತದಲ್ಲಿ ಮಾರಾಟ ನಿಲ್ಲಿಸಿತ್ತು, ಫೋರ್ಡ್ 2021ರಲ್ಲಿ ಅಲ್ಲಿ ಕಾರು ಮಾಡುವುದನ್ನು ಬಿಡುವುದಾಗಿ ಹೇಳಿತು. ಅವನ ದೊಡ್ಡಪ್ಪನ ಮಕ್ಕಳಿಗೆ ಈ ಕುಣಿತ ಅರ್ಥವೇ ಆಗಲಿಲ್ಲ. ಅವನಿಗೆ ಮೈಸೂರು ಅಜ್ಜಿಯ ಊರು, ಡೆಟ್ರಾಯಿಟ್ ಅವನ ಊರು. ತಾನು ಈ ಊರಿನವನು ಎಂದು ಹೇಳಿಕೊಳ್ಳಲು ಒಂಬತ್ತು ವರ್ಷದವನಿಗೆ ಒಂದು ಪಕ್ಷ ಬೇಕು. ಅದನ್ನು ಕನ್ನಡ ಶಾಲೆಯ ಬಾಗಿಲಲ್ಲಿ ಬಿಟ್ಟು ಬಾ ಎಂದರೆ, ಈ ಶಾಲೆ ಅವನ ಅರ್ಧ ಬದುಕಿಗೆ ಮಾತ್ರ ಎಂದ ಹಾಗಾಗುತ್ತದೆ.

‘ಅಭಿಮಾನ ಅತಿಯಾದರೆ?’ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಾಲೇಜಿನಲ್ಲಿ ಅಣ್ಣಾವ್ರ ಅಭಿಮಾನಿಗಳು, ವಿಷ್ಣು ಅಭಿಮಾನಿಗಳು ಎಂದು ಎರಡು ಬೆಂಚಾಗಿ ಕೂತವರು ನಮ್ಮಲ್ಲೇ ಇದ್ದೀರಿ. ಅದು ಕೈ ಕೈ ಮಿಲಾಯಿಸುವ ತನಕ ಹೋದದ್ದೂ ನಿಮಗೆ ನೆನಪಿರಬಹುದು. ಅಭಿಮಾನಕ್ಕೆ ಮುಂದೆ ಎರಡಕ್ಷರ ಸೇರಿದರೆ ದುರಭಿಮಾನ. ನನಗೆ ಕಂಡಂತೆ ವ್ಯತ್ಯಾಸ ಇಷ್ಟು: ಅಭಿಮಾನಿಗೆ ಎದುರಾಳಿ ಬೇಕು, ದುರಭಿಮಾನಿಗೆ ಎದುರಾಳಿ ಇರಲೇಬಾರದು.

ಕಂಪನಿಗಳಿಗೇ ಇದು ಗೊತ್ತಿದೆ. 2008ರ ಕೊನೆಗೆ ಜಿಎಂ ಮತ್ತು ಕ್ರೈಸ್ಲರ್ ಮುಳುಗುವ ಸ್ಥಿತಿಯಲ್ಲಿದ್ದವು. ಫೋರ್ಡ್ ಮೊದಲೇ ಸಾಲ ಮಾಡಿಟ್ಟುಕೊಂಡಿದ್ದರಿಂದ ಹೇಗೋ ಉಸಿರಾಡುತ್ತಿತ್ತು. ಎದುರಾಳಿ ಮುಳುಗಿದರೆ ಫೋರ್ಡ್‌ಗೆ ಹಬ್ಬ ಅಲ್ಲವೇ? ಆದರೆ ಫೋರ್ಡ್‌ನ ಆಗಿನ ಮುಖ್ಯಸ್ಥ ಅಲನ್ ಮುಲಾಲಿ ವಾಷಿಂಗ್ಟನ್‌ಗೆ ಹೋಗಿ, ಜಿಎಂ, ಕ್ರೈಸ್ಲರ್ ಎರಡಕ್ಕೂ ಸರ್ಕಾರ ನೆರವು ಕೊಡಲಿ ಎಂದು ಕಾಂಗ್ರೆಸ್ ಮುಂದೆ ಮಾತಾಡಿದರು. ದೊಡ್ಡ ಮನಸ್ಸೊಂದೇ ಕಾರಣವಲ್ಲ. ಸೀಟು, ವೈರು, ಬ್ರೇಕು ಮಾಡಿಕೊಡುವ ಸಣ್ಣ ಕಾರ್ಖಾನೆಗಳು ಮೂವರಿಗೂ ಹೆಚ್ಚುಕಡಿಮೆ ಅವೇ. ಜಿಎಂ ಬಿದ್ದರೆ ಅವು ಬೀಳುತ್ತವೆ, ಅವು ಬಿದ್ದರೆ ಫೋರ್ಡ್‌ನ ಲೈನೂ ನಿಲ್ಲುತ್ತದೆ. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು, ಸರ್ಕಾರದ ಹಣದಿಂದ ಮತ್ತೆ ಎದ್ದಿತು. ನಮ್ಮ ಮನೆಯವರು ಇಂಥದ್ದೇ ಒಂದು ಸೀಟಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಯಾವ ಪಕ್ಷವೂ ಇರಲಿಲ್ಲ. ಎರಡೂ ಉಳಿಯಲಿ ಎಂದು ದೇವರಿಗೆ ದೀಪ ಹಚ್ಚಿದ್ದೆವು.

ಇನ್ನೊಂದು ವಿಷಯ ಕೇಳಿದರೆ ಮಕ್ಕಳು ನನ್ನ ಮೇಲೆ ಮುನಿಸಿಕೊಳ್ಳಬಹುದು. 2013ರಲ್ಲಿ ಫೋರ್ಡ್ ಮತ್ತು ಜಿಎಂ ಸೇರಿ ಹೊಸ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳನ್ನು ರೂಪಿಸುವ ಒಪ್ಪಂದ ಮಾಡಿಕೊಂಡವು. ಅದರಿಂದ ಬಂದ ಹತ್ತು ಗೇರಿನ ಪೆಟ್ಟಿಗೆ ಮಸ್ಟಾಂಗ್‌ನಲ್ಲೂ ಕೂತಿತು, ಕಮಾರೊದಲ್ಲೂ ಕೂತಿತು. ನೀವು ಲಂಚ್ ಡಬ್ಬಿ ಬಿಟ್ಟು ಜಗಳ ಆಡುವ ಎರಡೂ ಕಾರುಗಳ ಹೊಟ್ಟೆಯಲ್ಲಿ ಇಬ್ಬರೂ ಸೇರಿ ಮಾಡಿದ ಒಂದೇ ಗೇರ್‌ಬಾಕ್ಸ್!

ಇನ್ನು ಪಾರ್ಕಿಂಗ್ ಲಾಟಿನ ಘಟನೆ. ಅಳುತ್ತಾ ಹೋದ ಹುಡುಗನ ಅಪ್ಪನಿಗೆ ಅದೇ ವಾರ ಕೆಲಸ ಹೋಗಿತ್ತು. ಯಾವ ಕಂಪನಿ ಎಂಬುದು ಇಲ್ಲಿ ಬೇಡ. ಈ ಊರಿನಲ್ಲಿ ಆ ಪತ್ರ ಯಾವ ಮನೆಗೆ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾಗದು. ಗೊತ್ತಿಲ್ಲದೆ ಇನ್ನೊಬ್ಬ ಹುಡುಗ, ಆ ಅಪ್ಪನ ಕಂಪನಿಯ ಕಾರಿನ ಮೇಲಿನ ಹಳೆಯ ಜೋಕು ಹೇಳಿ, ‘ಅದಕ್ಕೇ ನಿಮ್ಮ ಕಂಪನಿ ಮುಚ್ಚಿಹೋಗುತ್ತೆ ನೋಡು’ ಎಂದು ಸೇರಿಸಿದ. ಹೇಳಿದವನು ನನ್ನ ಮಗ. ಆ ಜೋಕನ್ನು, ಆ ಕೊನೆಯ ಸಾಲಿನ ಸಮೇತ, ಅವನು ಕೇಳಿದ್ದು ನಮ್ಮ ಊಟದ ಮೇಜಿನಲ್ಲಿ. ಹೇಳಿ ನಕ್ಕವಳು ನಾನೇ. ಸಭೆಯಲ್ಲಿ ನಾನು ಬಾಯಿ ಬಿಡದಿದ್ದುದು ಇದಕ್ಕೆ.

ಅಂದು ಸಂಜೆ ಮಗನಿಗೆ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದರೆ ನಾನು ಕಾರಿನ ಬಗ್ಗೆ ತಾನೇ ಹೇಳಿದ್ದು?’ ಎಂದ. ಮೊದಲ ಸಾಲು ಕಾರಿನ ಬಗ್ಗೆ, ಎರಡನೇ ಸಾಲು ಅವರ ಮನೆಯ ಅನ್ನದ ಬಗ್ಗೆ ಎಂದೆ. ಎದುರುಮನೆಯ ಅಜ್ಜ ಬ್ಯಾಟರಿ ಸತ್ತ ಬೆಳಿಗ್ಗೆ ಯಾಕೆ ಜೋಕು ಹೇಳಲಿಲ್ಲ ಎಂದು ಅವನೇ ಕೇಳಿದ. ಈ ಮಾತು ಆಡಲು ನಮಗೆ ಒಂದು ಜಗಳ ಬೇಕಾಯಿತು. ಕಾರಿನ ಮಾತೇ ಬೇಡ ಎಂಬ ನಿಯಮ ಇದ್ದಿದ್ದರೆ ಅವನು ಅದೇ ಜೋಕನ್ನು ಇಂಗ್ಲಿಷ್ ಶಾಲೆಯ ಬಸ್ಸಿನಲ್ಲಿ ಹೇಳುತ್ತಿದ್ದ, ನಮಗೆ ಗೊತ್ತೂ ಆಗುತ್ತಿರಲಿಲ್ಲ.

ನಿಲ್ಲಿಸಲೇಬೇಕಾದ ಕಾರಿನ ಮಾತು ಬೇರೊಂದಿದೆ, ಅದು ಮಕ್ಕಳಿಂದ ಬಂದದ್ದಲ್ಲ. ‘ಅವರು ಟೆಸ್ಲಾ ತಗೊಂಡರಂತೆ’, ‘ಇನ್ನೂ ಅದೇ ಹಳೇ ಗಾಡೀನಾ?’ ಎಂದು ಯುಗಾದಿ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಾ ಆಡುತ್ತೇವಲ್ಲ, ಆ ಮಾತು. ಫೋರ್ಡ್-ಷೆವಿ ಜಗಳದಲ್ಲಿ ಇಪ್ಪತ್ತು ವರ್ಷದ ತುಕ್ಕು ಹಿಡಿದ ಟ್ರಕ್ಕಿಗೂ ಹೊಸ ಟ್ರಕ್ಕಿನಷ್ಟೇ ಮರ್ಯಾದೆ. ಹಳೆಯದಿದ್ದಷ್ಟೂ ‘ನೋಡಿ, ಇನ್ನೂ ಓಡುತ್ತಿದೆ’ ಎಂದು ಹೆಮ್ಮೆ. ನಮ್ಮ ಪಾಟ್‌ಲಕ್ ಲೆಕ್ಕದಲ್ಲಿ ಹಳೆಯ ಕಾರಿಗೆ ಮರ್ಯಾದೆ ಇಲ್ಲ. ನಿಯಮ ಮಾಡುವುದಾದರೆ ಮೊದಲು ನಮಗೆ ಮಾಡೋಣ.

ಮಕ್ಕಳಿಗೆ ನನ್ನ ಸಲಹೆ ಬೇರೆ. ಬರುವ ತಿಂಗಳು ಒಂದು ಭಾನುವಾರ ಚರ್ಚಾ ಸ್ಪರ್ಧೆ ಇಡೋಣ, ವಿಷಯ ‘ಫೋರ್ಡ್ ಮೇಲೋ, ಷೆವಿ ಮೇಲೋ’. ಪೂರ್ತಿ ಕನ್ನಡದಲ್ಲಿ. ಒಂದೇ ಷರತ್ತು: ಫೋರ್ಡ್ ಅಭಿಮಾನಿಗಳು ಷೆವಿ ಪರ ವಾದಿಸಬೇಕು, ಷೆವಿಯವರು ಫೋರ್ಡ್ ಪರ. ಟೊಯೋಟಾ ಹುಡುಗಿ ತೀರ್ಪುಗಾರಳು. ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಎಲ್ಲರೂ ಮಡಚುವ ಕುರ್ಚಿ, ಚುರುಮುರಿ ಡಬ್ಬಿ ಹಿಡಿದು ಒಟ್ಟಿಗೆ ಹೋಗೋಣ. 1995ರಲ್ಲಿ ಫರ್ನ್‌ಡೇಲ್ ಊರಿನಲ್ಲಿ ಮಕ್ಕಳ ಸಾಕರ್ ಮೈದಾನಕ್ಕೆ ಹಣ ಕೂಡಿಸಲು ಶುರುವಾದ ಆ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಎರಡೂ ಪಕ್ಷದವರು ಒಂದೇ ರಸ್ತೆಯ ಬದಿಯಲ್ಲಿ, ಒಂದೇ ಬಿಸಿಲಿನಲ್ಲಿ ಕೂತಿರುತ್ತಾರೆ.

ಕಳೆದ ಭಾನುವಾರ ಆ ಹುಡುಗ ಮತ್ತೆ ತರಗತಿಗೆ ಬಂದ. ನನ್ನ ಮಗ ಹಿಂದಿನ ದಿನವೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದ. ನಾನೂ ಜೊತೆಗೆ ಹೋಗಿ ಅವರ ಅಪ್ಪ ಅಮ್ಮನ ಹತ್ತಿರ ನನ್ನ ಪಾಲಿನ ಕ್ಷಮೆ ಕೇಳಿದೆ. ಅವರು ಕಾಫಿ ಕೊಟ್ಟರು. ತರಗತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಅರ್ಧ ಗಂಟೆ ಮಾತಾಡಲಿಲ್ಲ. ಬಿಡುವು ಮುಗಿಸಿ ಬಂದರೆ ಬೋರ್ಡಿನ ಮೇಲೆ ಮತ್ತೆ ಗೀಟುಗಳು: ಏಳು, ಏಳು. ಟೊಯೋಟಾ ಹುಡುಗಿಯನ್ನು ಯಾರೋ ಒಲಿಸಿಕೊಂಡಿದ್ದರು. ಹಾಗಾಗಿ ನಮಗೆ ಈಗ ಹೊಸ ತೀರ್ಪುಗಾರರು ಬೇಕಾಗಿದ್ದಾರೆ. ಹೋಂಡಾ ಇರುವವರು ದಯವಿಟ್ಟು ತಿಳಿಸಿ.